ಕೆತ್ತನೆಯ ಮರ: ಹಳೆಯದಾವುದು, ಹಳೆಯದೆನಿಸಿದುದಾವುದು?

ನಮ್ಮ ಸೀಮೆಯ ಮಠಮಾನ್ಯಗಳಲ್ಲಿ, ದೇಸಗತಿಯ ವಾಡೆಗಳಲ್ಲಿ, ಗೌಡಕಿಯ ಮನೆಗಳಲ್ಲಿ ಕೆತ್ತನೆಯ ಮರದ ಸಾಮಾನುಗಳು ತಲೆಮಾರುಗಳಿಂದ ಬಳಕೆಯಾಗುತ್ತ ಬಂದಿವೆ. ಬಾಗಿಲವಾಡ, ದೇವರ ಮಂಟಪ, ಪುರಾಣ ಹೇಳುವವರ ಪೀಠ, ಪಲ್ಲಕ್ಕಿ, ತೂಗುಮಂಚ, ತೊಟ್ಟಿಲು, ತಾಡವೋಲೆಯ ಕಟ್ಟುಗಳನ್ನಿಡುವ ಸಂದೂಕ ಮೊದಲಾದ ಇವುಗಳ ವಯಸ್ಸನ್ನು ಹಿಂದೆ ಯಾರೂ ವಿಚಾರಿಸುತ್ತಿರಲಿಲ್ಲ. ಕಾಲು ಮುರಿದರೆ ಬಡಿಗೇರನನ್ನು ಕರೆಯುತ್ತಿದ್ದರು; ತೀರ ಹಾಳಾದರೆ ಒಲೆಗೆ ಹಾಕುತ್ತಿದ್ದರು. ಈಚಿನ ಕೆಲವು ದಶಕಗಳಲ್ಲಿ ಪಟ್ಟಣದ ಹೊಸ ಮನೆಗಳೂ ದೊಡ್ಡ ಹೊಟೇಲುಗಳೂ ಇಂತಹ ವಸ್ತುಗಳನ್ನು ಅಲಂಕಾರಕ್ಕೆಂದು ಅರಸತೊಡಗಿದ ಮೇಲೆ ಅವುಗಳಿಗೆ ಬೆಲೆ ಬಂದಿತು. ಬೆಲೆಯ ಬೆನ್ನ ಹಿಂದೆಯೇ ಅನುಕರಣೆಯೂ ಬಂದಿತು.

ಇದಕ್ಕೆ ನಮ್ಮಲ್ಲಿ ಇನ್ನೊಂದು ಕಾರಣವೂ ಕೂಡಿಕೊಂಡಿದೆ. 2005ರಲ್ಲಿಯೂ 2019ರ ಆಗಸ್ಟ್ ತಿಂಗಳಲ್ಲಿಯೂ ಕೃಷ್ಣೆಯೂ ಅದರ ಉಪನದಿಗಳೂ ಉಕ್ಕಿ ಹರಿದಾಗ ಚಿಕ್ಕೋಡಿ, ರಾಯಬಾಗ, ಅಥಣಿ ಹಾಗೂ ಇಂದಿನ ನಿಪ್ಪಾಣಿ, ಕಾಗವಾಡ ತಾಲೂಕುಗಳ ನದಿತೀರದ ಊರುಗಳಲ್ಲಿ ಮಣ್ಣಿನ ಗೋಡೆಯ ಹಳೆಯ ಮನೆಗಳು ಕುಸಿದವು. ಕುಸಿದ ಮನೆಯಲ್ಲಿ ಕಟ್ಟಕಡೆಗೆ ಉಳಿಯುವುದು ತೊಲೆ, ಕಂಬ, ಬಾಗಿಲುಗಳೇ. ಕೈಯಲ್ಲಿ ಕಾಸಿಲ್ಲದ ಹೊತ್ತಿನಲ್ಲಿ ಅವನ್ನು ಬಂದ ಬೆಲೆಗೆ ಕೊಟ್ಟವರನ್ನು ನಾನು ಬಲ್ಲೆ. ಹೀಗೆ ತೂಕದ ಲೆಕ್ಕದಲ್ಲಿ ಹೋದ ಮರ ಎಲ್ಲಿಯೋ ಹೊಸ ಕೆತ್ತನೆಯನ್ನು ಹೊದ್ದು, ಇನ್ನೂರು ವರುಷದ ವಸ್ತುವೆಂಬ ಹೆಸರಿನಲ್ಲಿ ಹತ್ತಾರು ಪಟ್ಟು ಬೆಲೆಗೆ ಮರಳಿ ನಮ್ಮವರ ಕೈಗೇ ಬರಬಹುದು. ಹೀಗೆ ಬಂದ ಒಂದು ಪೀಠದ ವಿಷಯದಲ್ಲಿ ಈ ಲೇಖಕನೂ ಮೋಸಹೋದವರ ಪಂಕ್ತಿಯಲ್ಲಿ ಕುಳಿತವನೇ ಆದುದರಿಂದ, ಆ ಸಂಗತಿಯನ್ನು ಮೊದಲು ಹೇಳುವುದು ಉಚಿತ.

ರಾಯಬಾಗ ತಾಲೂಕಿನ ಭಕ್ತರೊಬ್ಬರು ಶ್ರಾವಣದ ಪುರಾಣಕ್ಕೆ ತಮ್ಮೂರ ಮಠಕ್ಕೊಂದು ಪೀಠವನ್ನು ಅರ್ಪಿಸಬೇಕೆಂದು ಸಂಕಲ್ಪಿಸಿ, ಒಂದು ವರುಷದ ಕಬ್ಬಿನ ಬಿಲ್ಲಿನ ಬಹುಭಾಗವನ್ನು ಕೊಟ್ಟು, ಒರಗು ಹಲಗೆಯುಳ್ಳ ಕೆತ್ತನೆಯ ಪೀಠವೊಂದನ್ನು ದೂರದ ಪಟ್ಟಣದಿಂದ ತಂದರು. ಹಲಗೆಯ ನಡುವೆ ಲಿಂಗ, ಎರಡೂ ಬದಿಗೆ ನಂದಿ, ಸುತ್ತಲೂ ಬಳ್ಳಿ. ಹಿಂಬದಿಯ ಪಟ್ಟಿಯಲ್ಲಿ ಎರಡು ಸಾಲು ಕನ್ನಡ ಅಕ್ಷರ. ವಚನದ ಹಸ್ತಪ್ರತಿಗಳಲ್ಲಿ ಕೈಯಾಡಿಸಿದವನೆಂಬ ಕಾರಣದಿಂದ ಅಕ್ಷರ ಓದಲು ನನ್ನನ್ನು ಕರೆಸಿದರು. ಕೆತ್ತನೆಯ ಸೊಗಸಿಗೆ ಮನಸೋತು, ಮರದ ಕಪ್ಪು ಬಣ್ಣವನ್ನು ನಂಬಿ, ಅಕ್ಷರಗಳನ್ನು ಓದುವ ಮೊದಲೇ ‘ಇದು ನಿಜವಾಗಿಯೂ ಪ್ರಾಚೀನವಾದುದು’ ಎಂದು ನಾಲ್ಕು ಜನರ ಎದುರಿಗೆ ನುಡಿದುಬಿಟ್ಟೆ. ಅಲ್ಲಿಯೇ ಕಟ್ಟೆಯ ಮೇಲೆ ಕುಳಿತಿದ್ದ ವೃದ್ಧ ಬಡಿಗೇರರೊಬ್ಬರು, “ಮಾಸ್ತರ್ರ, ಕೆತ್ತಗಿ ಆಮ್ಯಾಲ ನೋಡೂಣು, ಮೊದಲ ಅದನ್ನ ಬೋರಲ ಹಾಕ್ರಿ” ಎಂದರು. ಬೋರಲು ಹಾಕಿದೆವು. ಅಂದು ಅವರಿಂದ ನಾನು ಕಲಿತುದೂ, ಮುಂದೆ ಓದಿ ನೋಡಿ ತಿಳಿದುದೂ ಈ ಲೇಖನದ ವಿಷಯ.

ಬೋರಲು ಹಾಕುವುದೇಕೆ? ಅನುಕರಣೆ ಮಾಡುವವನು ನೋಡುವವರ ಕಣ್ಣು ಎಲ್ಲಿಗೆ ಹೋಗುವುದೋ ಅಲ್ಲಿ ಶ್ರಮವನ್ನೆಲ್ಲ ವ್ಯಯಿಸುತ್ತಾನೆ. ಹಳೆಯ ಬಡಿಗೇರನೂ ಹಾಗೆಯೇ ಮಾಡುತ್ತಿದ್ದನು. ಮುಂಭಾಗವನ್ನು ನುಣುಪು ಮಾಡಿ, ಹಿಂಬದಿ ತಳಬದಿಗಳನ್ನು ಒರಟಾಗಿಯೇ ಬಿಡುತ್ತಿದ್ದನು. ಆದರೆ ಇಬ್ಬರ ಒರಟುತನ ಬೇರೆ ಬೇರೆ. ಹಳೆಯ ಹಲಗೆಯ ತಳದಲ್ಲಿ ಬಾಚಿಯ ಗುರುತುಗಳಿರುತ್ತವೆ: ಆಳವಿಲ್ಲದ, ಬೆರಳಿಟ್ಟರೆ ತಿಳಿಯುವ ಬಟ್ಟಲಿನಂತಹ ತಗ್ಗುಗಳು, ಒಂದರಂತೆ ಒಂದಿಲ್ಲ. (ಬಾಚಿಕಾಯಕದ ಬಸವಯ್ಯನೆಂಬ ಶರಣನ ಹೆಸರನ್ನು ವಚನಾಭ್ಯಾಸಿಗಳು ಬಲ್ಲರು. ಅವನವೂ ಅವನ ಪುಣ್ಯಸ್ತ್ರೀ ಕಾಳವ್ವೆಯವೂ ಆದ ಕೆಲವು ವಚನಗಳು ಉಳಿದು ಬಂದಿವೆ. ಬಾಚಿ ಎಂಬುದು ಒಬ್ಬನ ಹೆಸರಿಗೇ ಅಂಟಿಕೊಳ್ಳುವಷ್ಟು ಬಡಿಗತನದ ಮುಖ್ಯ ಆಯುಧವಾಗಿದ್ದಿತೆಂಬುದಕ್ಕೆ ಇದೇ ಸಾಕ್ಷಿ.) ಇಬ್ಬರು ಹಿಡಿದು ಎಳೆದ ಕೈಗರಗಸದ ಗೆರೆಗಳು ನೇರವಾಗಿದ್ದರೂ ಓರೆಕೋರೆಯಾಗಿ, ಎಳೆತ ಬದಲಾದಲ್ಲೆಲ್ಲ ಕೋನ ಬದಲಿಸುತ್ತ ಹೋಗುತ್ತವೆ. ಯಂತ್ರದ ದುಂಡು ಗರಗಸ ಬಿಟ್ಟು ಹೋಗುವುದು ಬಿಲ್ಲಿನಂತೆ ಬಾಗಿದ, ಸಮಾನ ಅಂತರದ ಗೆರೆಗಳನ್ನು. ಯಂತ್ರದ ರಂದಾ ಸಣ್ಣ ಅಲೆಗಳಂತಹ ಅಡ್ಡಗೆರೆಗಳನ್ನು ಬಿಡುತ್ತದೆ. ಹಲಗೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಅವು ಕಾಣುತ್ತವೆ. ನಮ್ಮ ಪೀಠದ ಆಸನದ ಅಡಿಯಲ್ಲಿ ಬಿಲ್ಲಿನ ಗೆರೆಗಳಿದ್ದವು. ಅವುಗಳ ಮೇಲೆ ಕಪ್ಪು ಬಣ್ಣವನ್ನು ಬಳಿಯಲಾಗಿದ್ದಿತು.

ಬಣ್ಣದ ಮಾತು ಬಂದುದರಿಂದ ಅದನ್ನೂ ಇಲ್ಲಿಯೇ ಮುಗಿಸುತ್ತೇನೆ. ಮರ ಕಪ್ಪಾಗಿದೆಯೆಂಬುದು ವಯಸ್ಸಿಗೆ ಸಾಕ್ಷಿಯಲ್ಲ. ಪೊಟ್ಯಾಸಿಯಂ ಪರ್ಮಾಂಗನೇಟಿನ ನೀರು, ಚಹದ ಕಷಾಯ, ಬೂಟಪಾಲಿಶ್, ಹೊಗೆ ಇವು ಒಂದು ವಾರದಲ್ಲಿ ನೂರು ವರುಷದ ಬಣ್ಣವನ್ನು ಕೊಡಬಲ್ಲವು. ಆದರೆ ನಿಜವಾದ ಮುಪ್ಪು ಎಲ್ಲೆಡೆಗೂ ಸಮನಾಗಿ ಬರುವುದಿಲ್ಲ. ಕೈ ತಾಗುವಲ್ಲಿ ಮರ ಹೊಳಪೇರಿರುತ್ತದೆ, ಕೈ ತಾಗದ ಮೂಲೆಯಲ್ಲಿ ಮಂಕಾಗಿರುತ್ತದೆ; ಒಳಗಣ ಮರೆಯಲ್ಲಿ ಗಾಳಿ ಬೆಳಕು ತಾಕದ ಭಾಗ ಬೇರೆಯೇ ಬಣ್ಣದ್ದಾಗಿರುತ್ತದೆ. ದೇವರ ಮಂಟಪವಾದರೆ ದೀಪದ ಮಸಿ, ಎಣ್ಣೆಯ ಜಿಡ್ಡು, ವಿಭೂತಿಯ ಪುಡಿ ಕೆತ್ತನೆಯ ತಗ್ಗುಗಳಲ್ಲಿ ಪದರಪದರವಾಗಿ ಕುಳಿತಿರುತ್ತವೆ. ಸೂಜಿಯ ಮೊನೆಯಿಂದ ಕಾಣದ ಮೂಲೆಯಲ್ಲಿ ಮೆಲ್ಲಗೆ ಕೆದರಿದರೆ ಹಳೆಯ ಜಿಡ್ಡು ಪುಡಿಯಾಗಿ ಉದುರುತ್ತದೆ. ಬೂಟಪಾಲಿಶ್ ಮೇಣದಂತೆ ಸುರುಳಿಯಾಗಿ ಎದ್ದುಬರುತ್ತದೆ. ನೆರೆ ಕಂಡ ಮನೆಯ ಮರದಲ್ಲಿ ಸಂದುಗಳ ಒಳಗೆ ನದಿಯ ನುಣ್ಣನೆಯ ರಾಡಿ ಸಿಕ್ಕಿಕೊಂಡಿರುವುದುಂಟು. ಅರಗಿನ ಪಾಲಿಶನ್ನು ಗುರುತಿಸಲು ನೋಟು ಪರೀಕ್ಷಿಸುವ ನೇರಳಾತೀತ ದೀಪವೇ ಸಾಕು. ಕತ್ತಲೆಯಲ್ಲಿ ಅದರ ಬೆಳಕು ಬಿದ್ದರೆ ಅರಗು ಕಿತ್ತಳೆ ಬಣ್ಣದಿಂದ ಹೊಳೆಯುತ್ತದೆ. ಅರಗಿನ ಲೇಪ ಮದ್ಯಸಾರಕ್ಕೆ ಕರಗುತ್ತದೆ. ಈಚಿನ ಪಾಲಿಯುರಿಥೇನ್ ಲೇಪ ಕರಗುವುದಿಲ್ಲ. ಹಾಗೆಂದು ಅರಗಿದ್ದ ಮಾತ್ರಕ್ಕೆ ವಸ್ತು ಹಳೆಯದೆನ್ನುವಂತಿಲ್ಲ, ಏಕೆಂದರೆ ಅರಗು ಇಂದಿಗೂ ಅಂಗಡಿಯಲ್ಲಿ ಸಿಗುತ್ತದೆ. ಹಳೆಯ ವಸ್ತುವಿಗೆ ಈಚೆಗೆ ಯಾರೋ ಹೊಸ ಲೇಪ ಬಳಿಸಿರುವುದೂ ಸಾಧ್ಯ.

ಇನ್ನು ಸವೆತ. ನೂರು ಜನ ಕುಳಿತೆದ್ದ ಪೀಠ ಎಲ್ಲಿ ಸವೆಯಬೇಕೆಂಬುದನ್ನು ನಾವೇ ಕುಳಿತು ನೋಡಿ ಊಹಿಸಬಹುದು. ಕೈಯೂರುವ ತುದಿ, ಕಾಲು ತಾಗುವ ಅಡ್ಡಪಟ್ಟಿ, ನೆಲದ ಮೇಲೆ ಎಳೆದಾಗ ತಿಕ್ಕುವ ಪಾದ ಇವು ಸವೆಯಬೇಕು. ಬಳ್ಳಿಯ ಎಲೆಯ ಸಂದಿ ಸವೆಯಬಾರದು. ಅನುಕರಣೆಯಲ್ಲಿ ಉಜ್ಜುಕಾಗದದಿಂದ ಎಲ್ಲ ಅಂಚುಗಳನ್ನೂ ಒಂದೇ ಸಮನೆ ಉರುಟು ಮಾಡಿರುತ್ತಾರೆ. ಸರಪಳಿಯಿಂದ ಹೊಡೆದು ಗಾಯ ಮಾಡುವ ಪದ್ಧತಿಯೂ ಇದೆ. ಆಗ ಒಂದೇ ಆಕಾರದ ತಗ್ಗು ಮತ್ತೆ ಮತ್ತೆ ಕಾಣುತ್ತದೆ.

ಮೊಳೆಗಳ ಸಾಕ್ಷ್ಯವನ್ನು ಜನ ಅತಿಯಾಗಿ ನಂಬುತ್ತಾರೆ. ಕಮ್ಮಾರನು ಬಡಿದು ಮಾಡಿದ ಮೊಳೆಯ ಕಾಂಡ ಚೌಕಾಕಾರದ್ದು, ತಲೆ ಒರಟು. ದುಂಡು ತಂತಿಮೊಳೆ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಎಲ್ಲೆಡೆ ಹರಡಿತು. ಬೆಳಗಾವಿಯಿಂದ ಘಟಪ್ರಭಾ, ರಾಯಬಾಗ, ಕುಡಚಿಗಳ ಮೇಲೆ ಮೀರಜಕ್ಕೆ ಹೋಗುವ ರೈಲುಮಾರ್ಗ 1880ರ ದಶಕದಲ್ಲಿ ತೆರೆದುದರಿಂದ ಪರದೇಶದ ಕಬ್ಬಿಣದ ಸಾಮಾನು ನಮ್ಮ ಸಂತೆಗಳಿಗೂ ಸುಲಭವಾಗಿ ಬರುವಂತಾಯಿತು. ಮೊನೆಯುಳ್ಳ ತಿರುಪುಮೊಳೆ ಯಂತ್ರದಲ್ಲಿ ತಯಾರಾಗತೊಡಗಿದುದು ಆ ಶತಮಾನದ ನಡುಗಾಲದಲ್ಲಿ. ತಲೆಯ ಮೇಲೆ ಕೂಡುಗೆರೆಯ ಗುರುತುಳ್ಳ ತಿರುಪುಮೊಳೆ 1930ರ ದಶಕಕ್ಕೆ ಮೊದಲು ಇರಲೇ ಇಲ್ಲ. ಆದರೆ ಹಳೆಯ ಮೊಳೆಯನ್ನು ಹೊಸ ಪೀಠಕ್ಕೆ ಹೊಡೆಯಬಹುದು. ಹಳೆಯ ಪಲ್ಲಕ್ಕಿಗೆ ರಿಪೇರಿಯ ವೇಳೆ ಹೊಸ ಮೊಳೆ ಬಿದ್ದಿರಬಹುದು. ಆದುದರಿಂದ ಮೊಳೆಗಿಂತಲೂ ಅದರ ಸುತ್ತಲಿನ ಮರವನ್ನು ನೋಡಬೇಕು. ಬಹುಕಾಲ ಕುಳಿತ ಕಬ್ಬಿಣದ ಸುತ್ತ ಸಾಗವಾನಿಯೂ ಕಪ್ಪಾಗಿ, ಆ ಕಪ್ಪು ಎಳೆಯ ಗುಂಟ ಹರಿದಿರುತ್ತದೆ. ನಿಜವಾದ ಹಳೆಯ ಕೆಲಸದಲ್ಲಿ ಕಬ್ಬಿಣವೇ ಕಡಿಮೆ. ತೂತಿನಲ್ಲಿ ನಾಲಿಗೆಯನ್ನು ಕೂಡಿಸಿ, ಅಡ್ಡಲಾಗಿ ಮರದ ಅಥವಾ ಬಿದಿರಿನ ಗೂಟ ಬಡಿದಿರುತ್ತಾರೆ. ಮರ ಒಣಗಿ ಕುಗ್ಗಿದಂತೆ ಆ ಗೂಟದ ತುದಿ ಕೂದಲೆಳೆಯಷ್ಟು ಹೊರಗೆ ಬಂದಿರುತ್ತದೆ. ಕಣ್ಣು ಮುಚ್ಚಿ ಬೆರಳಾಡಿಸಿದರೆ ತಿಳಿಯುತ್ತದೆ.

ಈ ಕುಗ್ಗುವಿಕೆಯೇ ನನ್ನ ಮಟ್ಟಿಗೆ ಎಲ್ಲಕ್ಕಿಂತ ನಂಬಿಗಸ್ತ ಸಾಕ್ಷಿ. ಮರ ಉದ್ದಕ್ಕೆ ಬಹುತೇಕ ಕುಗ್ಗುವುದಿಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ಅಡ್ಡಕ್ಕೂ ಎರಡು ದಿಕ್ಕಿನಲ್ಲಿ ಎರಡು ಪ್ರಮಾಣ. ಬೆಳವಣಿಗೆಯ ಉಂಗುರದ ಗುಂಟ ಹೆಚ್ಚು, ಉಂಗುರವನ್ನು ಹಾಯ್ದು ಕಡಿಮೆ. ಹೀಗಾಗಿ ಕಡಸಲಿನಲ್ಲಿ ಕಡೆದ ಕಾಲು ಮೊದಲು ಪೂರ್ಣ ದುಂಡಗಿದ್ದರೂ ಕಾಲಾಂತರದಲ್ಲಿ ತುಸು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಅಳತೆಯ ಕೈವಾರ ಹಿಡಿದು ಒಂದು ದಿಕ್ಕಿನಲ್ಲಿ ಅಳೆದು, ಕಾಲುಸುತ್ತು ತಿರುಗಿಸಿ ಮತ್ತೆ ಅಳೆದರೆ ಒಂದೆರಡು ಮಿಲಿಮೀಟರಿನ ಅಂತರ ಸಿಗಬಹುದು. ಚೌಕಟ್ಟಿನ ಗಾಡಿಯಲ್ಲಿ ಸಡಿಲವಾಗಿ ಕೂಡಿಸಿದ ಹಲಗೆ ಕುಗ್ಗಿದಾಗ, ಮೊದಲು ಗಾಡಿಯೊಳಗೆ ಅಡಗಿದ್ದ ಅಂಚು ಹೊರಬಿದ್ದು ಬಣ್ಣ ಕಾಣದ ಒಂದು ಸಣ್ಣ ಗೆರೆಯಾಗಿ ತೋರುತ್ತದೆ. ಉಳಿಯಿಂದಾಗಲಿ ಬಣ್ಣದಿಂದಾಗಲಿ ಇದನ್ನು ಹುಟ್ಟಿಸುವುದು ಕಷ್ಟ. ನಮ್ಮ ಪೀಠದ ನಾಲ್ಕು ಕಾಲುಗಳೂ ಯಾವ ಕಡೆಯಿಂದ ಅಳೆದರೂ ಒಂದೇ ಅಳತೆಗೆ ಬಂದವು.

ಆದರೆ ಒರಗು ಹಲಗೆಯ ಮರ ಮಾತ್ರ ಹಳೆಯದೇ ಆಗಿದ್ದಿತು. ನಾನು ಮೋಸಹೋದುದೂ ಅಲ್ಲಿಯೇ. ನಮ್ಮ ಐದು ತಾಲೂಕುಗಳು ಬಯಲುಸೀಮೆ. ಬೇವು ಜಾಲಿಗಳು ಇಲ್ಲಿ ಬೆಳೆದರೂ ಸಾಗವಾನಿ ಸಹ್ಯಾದ್ರಿಯ ಕಡೆಯಿಂದ ಬರಬೇಕು. ದುಬಾರಿಯ ಮರವಾದುದರಿಂದ ಅದನ್ನು ಮತ್ತೆ ಮತ್ತೆ ಬಳಸುವುದು ಇಲ್ಲಿಯ ಹಳೆಯ ರೂಢಿ. ಅಜ್ಜನ ಮನೆಯ ತೊಲೆ ಮೊಮ್ಮಗನ ಮನೆಯ ಬಾಗಿಲಾಗುವುದರಲ್ಲಿ ಮೋಸವೇನೂ ಇಲ್ಲ. ಹಳೆಯ ಮರದ ಮೇಲೆ ನಿನ್ನೆ ಕೆತ್ತಿ, ಕೆತ್ತನೆಗೂ ಮರದ ವಯಸ್ಸನ್ನೇ ಹೇಳುವುದು ಮೋಸ. ಇಂತಹ ಮಿಶ್ರ ವಸ್ತುಗಳೇ ನಮ್ಮ ಕಡೆ ಹೆಚ್ಚು ಬರುತ್ತವೆಂದು ನನ್ನ ಅನುಭವ.

ಇದನ್ನು ಗುರುತಿಸಲು ಎರಡು ಉಪಾಯಗಳಿವೆ. ಮೊದಲನೆಯದು ಹುಳುವಿನ ದಾರಿ. ಮರ ಕೊರೆಯುವ ಹುಳು ಒಳಗೊಳಗೇ ಸುರಂಗ ಮಾಡಿ, ಕೊನೆಗೆ ದುಂಡನೆಯ ಸಣ್ಣ ರಂಧ್ರವನ್ನು ಕೊರೆದು ಹೊರಗೆ ಬರುತ್ತದೆ. ಆದುದರಿಂದ ಮೇಲ್ಮೈಯಲ್ಲಿ ಕಾಣಬೇಕಾದುದು ರಂಧ್ರವೇ ಹೊರತು ಸುರಂಗವಲ್ಲ. ಎಲೆಯ ಕೆತ್ತನೆಯ ಮೇಲೆ ಸುರಂಗವು ಕಾಲುವೆಯಂತೆ ಉದ್ದುದ್ದವಾಗಿ ತೆರೆದುಕೊಂಡಿದ್ದರೆ, ಹುಳು ತಿಂದ ಮೇಲೆ ಉಳಿ ಆಡಿದೆ ಎಂದರ್ಥ. ಬೈರಿಗೆಯಿಂದ ಕೊರೆದ ಹುಸಿ ರಂಧ್ರಗಳೂ ಉಂಟು. ಅವುಗಳಲ್ಲಿ ಸೂಜಿ ನೇರವಾಗಿ ಇಳಿಯುತ್ತದೆ. ಹುಳುವಿನ ದಾರಿ ಬೇಗನೆ ತಿರುವುತ್ತದೆ.

ಎರಡನೆಯದು ಕೆತ್ತನೆಯ ಎತ್ತರ. ಕೆತ್ತುವ ಉದ್ದೇಶದಿಂದಲೇ ಆರಿಸಿದ ಹಲಗೆಯಲ್ಲಿ ಬಡಿಗೇರನು ಚಿತ್ರಕ್ಕೆ ಬೇಕಾದ ದಪ್ಪವನ್ನು ಮೊದಲೇ ಬಿಟ್ಟಿರುತ್ತಾನೆ. ಅಂಚಿನ ಪಟ್ಟಿಗಿಂತ ನಂದಿಯ ಭುಜ, ಕಮಲದ ನಡುಗುಬ್ಬಿ ಮೇಲೆದ್ದು ನಿಲ್ಲುತ್ತವೆ. ಸಾದಾ ಹಲಗೆಯಲ್ಲಿ ತರುವಾಯ ಕೆತ್ತಿದಾಗ ಚಿತ್ರಕ್ಕೆ ಮೇಲೇಳಲು ಮರವೇ ಇರುವುದಿಲ್ಲ. ಅದು ಹಲಗೆಯ ಮಟ್ಟದೊಳಗೇ ಹುದುಗಿರುತ್ತದೆ. ಬಾಗಿಲವಾಡದ ನಡುವಿನ ಹಳೆಯ ಗಣಪತಿಯನ್ನೋ ಹೂವನ್ನೋ ತೆಗೆದು, ಕೊಳ್ಳುವವರ ಮತವನ್ನರಿತು ಲಿಂಗವನ್ನೋ ನಂದಿಯನ್ನೋ ಬಿಡಿಸಿದ್ದರೆ, ಆ ಭಾಗ ಸುತ್ತಲಿನ ಮಟ್ಟಕ್ಕಿಂತ ತಗ್ಗಾಗಿರುವುದು. ನಮ್ಮ ಪೀಠದ ಲಿಂಗವೂ ಹೀಗೆ ತಗ್ಗಿನಲ್ಲಿದ್ದಿತು. ನಂದಿಯ ಬೆನ್ನಿನ ಮೇಲೆ ಹುಳುವಿನ ಕಾಲುವೆಯೊಂದು ಹಾಯ್ದು ಹೋಗಿದ್ದಿತು. ಅದು ಯಾವುದೋ ಮನೆಯ ಬಾಗಿಲ ಹಲಗೆ. ಅಗುಳಿಯ ತೂತಿಗೆ ಬೇರೆ ಮರದ ಬೆಣೆ ಹೊಡೆದು ಅದರ ಮೇಲೆ ಎಲೆಯೊಂದನ್ನು ಕೆತ್ತಿದ್ದುದನ್ನು ಬಡಿಗೇರರೇ ತೋರಿಸಿದರು.

ಮಾದರಿಗಳನ್ನು ಕುರಿತು ಇಷ್ಟೇ ಹೇಳುತ್ತೇನೆ. ಮರಾಠರ ಕಾಲದ ವಾಡೆಗಳ ಸುರು ಕಂಬ, ಬಾಳೆಹೂವಿನ ಬೋದಿಗೆ ಇವನ್ನು ಗಡಿನಾಡಿನವರಾದ ನಾವು ನೋಡಿ ಬಲ್ಲೆವು. ಇದಲ್ಲದೆ ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿಯಲ್ಲಿ ಬೀಟೆಮರದಿಂದ ತಯಾರಾದ, ತುಂಬ ಕೆತ್ತನೆಯ ಕುರ್ಚಿ ಮೇಜುಗಳು ಶ್ರೀಮಂತರಿಗೆ ಪ್ರಿಯವಾಗಿದ್ದವು. ಈಗ ಜೋಧಪುರದಲ್ಲಿ ಹಳೆಯ ಮಾದರಿಯ ಸಾಮಾನು ತಯಾರಿಸುವುದು ದೊಡ್ಡ ಉದ್ಯಮ. ಅಲ್ಲಿ ಮಾವಿನ ಮರವೂ ಶೀಸಮ್ಮೂ ಹೆಚ್ಚಾಗಿ ಬಳಕೆಯಾಗುತ್ತವೆ. ಹುಳುವಿಗೆ ಸುಲಭದ ತುತ್ತಾದ ಮಾವಿನಲ್ಲಿ ನಮ್ಮ ಹಿರಿಯರು ಬೆಲೆಬಾಳುವ ಕೆತ್ತನೆಯನ್ನು ಮಾಡಿಸಿರುವುದು ಅಪರೂಪ. ಮರ ಯಾವುದೆಂಬ ಸಂಶಯವಿದ್ದರೆ ಬೆಂಗಳೂರಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಚೂರೊಂದನ್ನು ಪರೀಕ್ಷಿಸಿ ಜಾತಿಯನ್ನು ಹೇಳಬಲ್ಲರು. ಇಂಗಾಲದ ಕಾಲನಿರ್ಣಯದ ಮೇಲೆ ಮಾತ್ರ ಹೆಚ್ಚು ಭರವಸೆ ಬೇಡ. ಸುಮಾರು 1650ರಿಂದ ಈಚಿನ ಮೂರು ಶತಮಾನಗಳ ವಸ್ತುಗಳಲ್ಲಿ ಅದು ಖಚಿತವಾದ ವರುಷವನ್ನು ಕೊಡಲಾರದು. ಕೊಟ್ಟರೂ ಅದು ಮರ ಬೆಳೆದ ಕಾಲವೇ ಹೊರತು ಉಳಿ ಆಡಿದ ಕಾಲವಲ್ಲ.

ಇನ್ನು ನನ್ನ ಪಾಲಿಗೆ ಬಂದ ಅಕ್ಷರಗಳು. ವಚನಗಳನ್ನು ಪರಿಶೋಧಿಸುವವರಿಗೆ ಒಂದು ಮಾತು ತಿಳಿದೇ ಇದೆ: ಅಂಕಿತವೊಂದನ್ನೇ ನೋಡಿ ಇದು ಇಂಥವರ ವಚನವೆಂದು ನಿರ್ಣಯಿಸಲಾಗದು, ಏಕೆಂದರೆ ಪ್ರಕ್ಷೇಪ ಮಾಡುವವನು ಮೊದಲು ಅನುಕರಿಸುವುದು ಅಂಕಿತವನ್ನೇ. ಅವನು ಎಚ್ಚರ ತಪ್ಪುವುದು ಭಾಷೆಯಲ್ಲಿ, ಪ್ರತ್ಯಯದಲ್ಲಿ, ತನ್ನ ಕಾಲದಲ್ಲಿ ಮಾತ್ರ ಇದ್ದ ಒಂದು ಶಬ್ದದಲ್ಲಿ. ಪೀಠದ ಮೇಲಣ ಲಿಂಗವೂ ಒಂದು ಅಂಕಿತವೇ ಆಗಿದ್ದಿತು. ಇಷ್ಟನ್ನು ಶಾಲೆಯಲ್ಲಿ ಹೇಳಿಕೊಟ್ಟ ನಾನೇ ಮರದ ಮುಂದೆ ಅದನ್ನು ಮರೆತಿದ್ದೆ. ಪಟ್ಟಿಯ ಮೇಲೆ ‘ಶಕ 1700 ಪ್ರಭವ ಸಂವತ್ಸರ’ ಎಂದೂ ದಾನಿಯ ಹೆಸರೂ ಇದ್ದವು. ಲೆಕ್ಕ ಸುಲಭ. ಶಕವರ್ಷಕ್ಕೆ 78 ಕೂಡಿಸಿದರೆ 1778. ಅರುವತ್ತು ಸಂವತ್ಸರಗಳ ಮೊದಲನೆಯದಾದ ಪ್ರಭವ ನಮ್ಮ ನೆನಪಿನಲ್ಲಿ ಬಂದುದು 1987ರಲ್ಲಿ, ಎಂದರೆ ಶಕ 1909ರಲ್ಲಿ. ಅರುವತ್ತರಂತೆ ಹಿಂದಕ್ಕೆ ಹೋದರೆ ಶಕ 1729, ಶಕ 1669 ಇವು ಪ್ರಭವಗಳು. 1669ರಿಂದ ಎಣಿಸಿದರೆ ಶಕ 1700 ಮೂವತ್ತೆರಡನೆಯದು, ವಿಳಂಬಿ. ಗತಶಕ ವರ್ತಮಾನಶಕಗಳ ಗೊಂದಲದಿಂದ ಒಂದು ವರುಷದ ವ್ಯತ್ಯಾಸ ನಿಜವಾದ ಶಾಸನಗಳಲ್ಲಿಯೂ ಬರುತ್ತದೆ, ಅದನ್ನು ಕ್ಷಮಿಸಬಹುದು. ಮೂವತ್ತು ವರುಷದ ವ್ಯತ್ಯಾಸವನ್ನಲ್ಲ. ಅಕ್ಷರದ ಬರವಣಿಗೆಯೂ ಸಂಶಯಾಸ್ಪದ. ಆ ಕಾಲದ ಕೈಬರಹಗಳಲ್ಲಿ ‘ಒ’ಕಾರಕ್ಕೆ ‘ವೊ’, ‘ಎ’ಕಾರಕ್ಕೆ ‘ಯೆ’ ಸಾಮಾನ್ಯ. ಎ ಏ, ಒ ಓಗಳ ಹ್ರಸ್ವದೀರ್ಘ ಭೇದವನ್ನು ಲಿಪಿಕಾರರು ಅನೇಕ ವೇಳೆ ತೋರಿಸುವುದೇ ಇಲ್ಲ. ಇಲ್ಲಿಯಾದರೋ ಒಂದು ದೀರ್ಘವೂ ತಪ್ಪಿರಲಿಲ್ಲ. ಅಕ್ಷರಗಳ ತಿರುವು ಅಚ್ಚಿನ ಮೊಳೆಯ ತಿರುವು. ಯಾವುದೋ ಮುದ್ರಿತ ಪುಸ್ತಕವನ್ನು ಎದುರಿಗಿಟ್ಟುಕೊಂಡೇ ಕೆತ್ತಿದಂತಿದ್ದಿತು.

ಮಠಗಳವರೂ ಹಳೆಯ ಮನೆತನದವರೂ ಗಮನಿಸಬೇಕಾದ ಸಂಗತಿಯೊಂದಿದೆ. ಪಾತ್ರೆ ತೊಳೆದಂತೆ ಹಳೆಯ ಮರವನ್ನು ಸೋಡದ ನೀರಿನಿಂದ ತೊಳೆದು, ಉಜ್ಜುಕಾಗದದಿಂದ ತಿಕ್ಕಿ, ಹೊಳೆಯುವ ಪಾಲಿಶ್ ಕೊಡಿಸುವ ಉತ್ಸಾಹ ಈಗ ಹೆಚ್ಚಾಗಿದೆ. ಬಾಚಿಯ ಗುರುತು, ದೀಪದ ಮಸಿ, ಕೈಯ ಹೊಳಪು ಎಲ್ಲವೂ ಒಂದೇ ದಿನದಲ್ಲಿ ಹೋಗಿ, ನಿಜವಾದ ಹಳೆಯ ಪೀಠವೇ ಖೊಟ್ಟಿಯಂತೆ ಕಾಣತೊಡಗುತ್ತದೆ. ಒಣಬಟ್ಟೆಯಿಂದ ಧೂಳೊರೆಸಿ ಗೆದ್ದಲಿನಿಂದ ಕಾಪಾಡಿದರೆ ಸಾಕು. ರಿಪೇರಿ ಅನಿವಾರ್ಯವಾದರೆ ಬಿಚ್ಚಿದ ಹಳೆಯ ತುಂಡನ್ನು ಎಸೆಯದೆ ಕಟ್ಟಿಡಬೇಕು. ಎರಡು ಸಲ ದಂಡಿಗೆ ಬದಲಾದ ಪಲ್ಲಕ್ಕಿ ಹಳೆಯ ಪಲ್ಲಕ್ಕಿಯೇ. ಬದಲಾದುದು ಯಾವಾಗ ಎಂಬುದನ್ನು ಮಠದ ದಫ್ತರದಲ್ಲಿ ಒಂದು ಸಾಲು ಬರೆದಿಟ್ಟರಾಯಿತು. ಅಥಣಿಯ ಗಚ್ಚಿನಮಠದ ಶ್ರೀ ಮುರುಘೇಂದ್ರ ಶಿವಯೋಗಿಗಳು (1836–1921) ನಮ್ಮ ಸೀಮೆಯಲ್ಲಿ ಇಂದಿಗೂ ಮನೆಮಾತು. ಅಂತಹ ಮಹನೀಯರು ಬಳಸಿದ ಮಣೆಯೆಂದು ಯಾರಾದರೂ ಮಾರಲು ತಂದರೆ, ಅದರಲ್ಲಿ ತಂತಿಮೊಳೆ ಇದ್ದ ಮಾತ್ರಕ್ಕೆ ಹುಸಿಯೆನ್ನಲಾಗದು, ಅವರ ಕಾಲಕ್ಕೆ ತಂತಿಮೊಳೆ ಬಂದಿದ್ದಿತು. ಮುಪ್ಪಿನ ಗುರುತುಗಳಿದ್ದ ಮಾತ್ರಕ್ಕೆ ದಿಟವೆನ್ನಲೂ ಆಗದು. ಆ ಮಣೆ ಯಾರ ಮನೆಯಿಂದ ಯಾರ ಕೈಗೆ ಹೇಗೆ ಬಂದಿತೆಂಬ ನಿರಂತರವಾದ ಪರಂಪರೆಯೊಂದೇ ಅಲ್ಲಿ ಪ್ರಮಾಣ.

ಕಾನೂನನ್ನೂ ತಿಳಿದಿರುವುದು ಒಳಿತು. 1972ರ ಪ್ರಾಚೀನ ವಸ್ತು ಮತ್ತು ಕಲಾನಿಧಿ ಅಧಿನಿಯಮ 1976ರಿಂದ ಜಾರಿಯಲ್ಲಿದೆ. ನೂರು ವರುಷಕ್ಕೆ ಕಡಿಮೆಯಿಲ್ಲದ ಕಲಾಕೌಶಲದ ವಸ್ತು ಪ್ರಾಚೀನ ವಸ್ತು. ಸಾಹಿತ್ಯಿಕ ಅಥವಾ ಐತಿಹಾಸಿಕ ಬೆಲೆಯುಳ್ಳ ಹಸ್ತಪ್ರತಿಗೆ ಎಪ್ಪತ್ತೈದೇ ವರುಷ ಸಾಕು. ಇವುಗಳ ವ್ಯಾಪಾರಕ್ಕೆ ಪರವಾನಿಗೆ ಬೇಕು. ಖಾಸಗಿಯವರು ಪರದೇಶಕ್ಕೆ ಕಳುಹಿಸುವಂತಿಲ್ಲ. ಆದುದರಿಂದ ‘ಇನ್ನೂರು ವರುಷದ್ದು’ ಎನ್ನುವ ಮಾರಾಟಗಾರನಿಗೆ ಪರವಾನಿಗೆಯನ್ನು ಕೇಳಬೇಕು, ವಯಸ್ಸನ್ನು ರಸೀದಿಯಲ್ಲಿ ಬರೆದುಕೊಡಲು ಹೇಳಬೇಕು. ನಮ್ಮ ಭಕ್ತರ ರಸೀದಿಯಲ್ಲಿ ‘ಮರದ ಪೀಠ, ಒಂದು’ ಎಂದಷ್ಟೇ ಇದ್ದಿತು. ಅವರು ಮರಳಿ ಹೋಗಿ ಕೇಳಿದಾಗ, ರಸೀದಿಯಲ್ಲಿ ವಯಸ್ಸಿನ ಮಾತೇ ಇಲ್ಲವಲ್ಲ ಎಂಬ ಉತ್ತರ ಬಂದಿತು.

ಪೀಠವನ್ನು ಏನು ಮಾಡುವುದೆಂಬ ಪ್ರಶ್ನೆ ಬಂದಾಗ ಮಠದ ಹಿರಿಯರು, ಭಕ್ತರು ಕೊಟ್ಟುದು ಪೀಠವನ್ನೇ ಹೊರತು ಅದರ ವಯಸ್ಸನ್ನಲ್ಲವೆಂದು ಹೇಳಿ ಸ್ವೀಕರಿಸಿದರು. ಬಡಿಗೇರರು ಸಡಿಲವಾಗಿದ್ದ ಎರಡು ಕಾಲುಗಳನ್ನು ಬಿಗಿ ಮಾಡಿಕೊಟ್ಟು ಕೂಲಿಯನ್ನು ತೆಗೆದುಕೊಳ್ಳಲಿಲ್ಲ. ನಾನು ಆಸನದ ಅಡಿಗೆ ಒಂದು ಚೀಟಿಯನ್ನು ಅಂಟಿಸಿದ್ದೇನೆ: ‘ಒರಗು ಹಲಗೆಯ ಮರ ಹಳೆಯ ಬಾಗಿಲಿನದು, ಕೆತ್ತನೆ, ಅಕ್ಷರ, ಕಾಲು, ಆಸನ ಹೊಸವು.’ ಶ್ರಾವಣದಲ್ಲಿ ಪುರಾಣ ಅದರ ಮೇಲೆಯೇ ನಡೆಯುತ್ತದೆ.